ಬ್ರೇಕಿಗೆ ಎಣ್ಣೆ ಬಿಟ್ಟವಳು

ಕೊಟ್ಟಿಗೆಹಾರದ ಮೊದಲ ಬೆಳಿಗ್ಗೆ ಬಾಗಿಲು ತೆರೆದಾಗ ನನ್ನ ಗಾಡಿ ನಿಲ್ಲಿಸಿದಲ್ಲಿ ಇರಲಿಲ್ಲ. ಹಿಂದಿನ ಸಂಜೆ ಬಾಡಿಗೆ ಮನೆಯ ಅಂಗಳದ ಅಂಚಿನಲ್ಲಿ ಪಕ್ಕದ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿದ್ದೆ. ಈಗ ಅದು ಇಪ್ಪತ್ತು ಹೆಜ್ಜೆ ಕೆಳಗೆ ಕಾಫಿ ಗಿಡಗಳ ನಡುವೆ ಅಡ್ಡಬಿದ್ದಿತ್ತು. ಎರಡು ಗಿಡ ಮುರಿದಿದ್ದವು. ಮನೆ ಮಾಲೀಕರಾದ ಶಂಕರೇಗೌಡರು ಜಗುಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದರು.

"ಆರು ಗಂಟೆಗೇ ಉರುಳ್ತು ಮೇಡಂ," ಎಂದರು. "ಗೇರಲ್ಲಿ ನಿಲ್ಸಿರ್ಲಿಲ್ವಾ?"

"ನೀವು ನೋಡಿದ್ರಾ?"

"ನೋಡ್ದೆ. ನೀವು ಮಲಗಿದ್ರಲ್ಲ, ಎಬ್ಬಿಸೋದು ಯಾಕೆ ಅಂತ ಸುಮ್ನಾದೆ."

ವಿಜಯಪುರದಲ್ಲಿ ನಿಲ್ಲಿಸಿದ ಗಾಡಿ ನಿಲ್ಲಿಸಿದಲ್ಲೇ ಇರುತ್ತದೆ. ಕದ್ದುಕೊಂಡು ಹೋದರೆ ಬೇರೆ ಮಾತು. ತಾನಾಗಿ ಹೊರಟುಹೋಗುವುದಿಲ್ಲ. ನಮ್ಮಲ್ಲಿ ಇಳಿಜಾರು ಎಂದರೆ ರೈಲ್ವೆ ಮೇಲ್ಸೇತುವೆ. ಅದನ್ನು ಇಳಿಯುವಾಗ ಪೆಟ್ರೋಲ್ ಉಳಿಯಲಿ ಎಂದು ಎಂಜಿನ್ ಆರಿಸುವುದನ್ನು ಜಾಣತನ ಎನ್ನುತ್ತೇವೆ. ಇಲ್ಲಿ ಒಂದು ಚಮಚ ನೀರು ಚೆಲ್ಲಿದರೂ ಅದು ಎಲ್ಲಿಗೋ ಹೊರಡುತ್ತದೆ. ನಾನು ಬಂದು ಇಳಿದದ್ದು ಇಂಥ ನೆಲಕ್ಕೆ, ಗಾಡಿ ಓಡಿಸಲು ಕಲಿತು ಇಪ್ಪತ್ತು ದಿನವಾಗಿದ್ದಾಗ.

ನಾನು ಭೂಮಾಪಕಿ. ಈ ಕೆಲಸಕ್ಕೆ ಸೇರುವ ಮೊದಲು ನಾಲ್ಕು ವರ್ಷ ಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದೆ. ಕಂಡದ್ದನ್ನು ಕಂಡಂತೆ ಬರೆಯುವುದು, ಕೇಳಿದ್ದರ ಮುಂದೆ "ಎನ್ನಲಾಗಿದೆ" ಎಂದು ಸೇರಿಸುವುದು ಅಲ್ಲಿನ ಅಭ್ಯಾಸ. ಈ ಬರಹದಲ್ಲೂ ಅದನ್ನು ಬಿಟ್ಟಿಲ್ಲ.

ಮೂಡಿಗೆರೆಯಲ್ಲಿ ಕಚೇರಿ. ಅಲ್ಲಿ ಐದು ಮನೆ ನೋಡಿದೆ. ಐದರಲ್ಲೂ ಕೂರಿಸಿ ಕಾಫಿ ಕೊಟ್ಟರು, ಯಾವ ಇಲಾಖೆ ಎಂದು ಕೇಳಿದರು, ಮರುದಿನ ಫೋನ್ ಮಾಡಿ "ತಮ್ಮನ ಮಗ ಬರ್ತಾನಂತೆ, ಅವನಿಗೆ ಬೇಕಂತೆ" ಎಂದರು. ಐವರ ತಮ್ಮನ ಮಕ್ಕಳೂ ಒಂದೇ ವಾರ ಬರುವವರಿದ್ದರು. ಕಾರಣ ತಿಳಿಯಲು ತಡವಾಗಲಿಲ್ಲ. ಕಾಫಿ ತೋಟಗಳ ಒತ್ತುವರಿಯ ಮಾತು ಎಲ್ಲರ ಬಾಯಲ್ಲಿದೆ. ಅಳತೆಪಟ್ಟಿ ಹಿಡಿದು ಬಂದವಳಿಗೆ ಮನೆಯ ಬಾಗಿಲು ಯಾರು ತೆರೆಯುತ್ತಾರೆ? ಶಂಕರೇಗೌಡರದು ಪಿತ್ರಾರ್ಜಿತ ಒಂದೇ ಎಕರೆ, ದಾಖಲೆ ಚೊಕ್ಕ. ಅದಕ್ಕೇ ಕೊಟ್ಟರು ಎಂದು ನನ್ನ ಊಹೆ.

ನಮ್ಮ ಕಡೆ ಹೊಸಬರು ಬಂದರೆ ಐದು ನಿಮಿಷದಲ್ಲಿ ಊರು, ಜಾತಿ, ಪಗಾರ, ಮದುವೆ ಎಲ್ಲ ಕೇಳಿ, ನಾಕು ಬೈದು, ಊಟಕ್ಕೆ ಕೂರಿಸುತ್ತಾರೆ. ಇಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಬರುವ ಮೊದಲೇ ತಿಳಿದುಕೊಂಡಿದ್ದರು. ದನಿ ಏರಿಸಿ ಯಾರೂ ಮಾತಾಡುವುದಿಲ್ಲ. ಅಷ್ಟು ಮೆತ್ತನೆಯ ದನಿಯಲ್ಲಿ ಇಲ್ಲ ಎನ್ನುವ ಜನರನ್ನು ನಾನು ಮೊದಲು ಕಂಡಿರಲಿಲ್ಲ. ರೊಟ್ಟಿಯೂ ಹಾಗೇ. ಜೋಳದ ರೊಟ್ಟಿ ಹಲ್ಲಿಗೆ ಉತ್ತರ ಕೊಡುತ್ತದೆ. ಇಲ್ಲಿನ ಅಕ್ಕಿ ರೊಟ್ಟಿ ಮೆತ್ತಗೆ ಮಡಚಿಕೊಂಡು ಗಂಟಲಲ್ಲಿ ನಿಲ್ಲುತ್ತದೆ.

ಒಂದು ಪದ್ಧತಿ ಮಾತ್ರ ಮೊದಲ ವಾರವೇ ಕಣ್ಣಿಗೆ ಬಿತ್ತು. ಇಳಿಜಾರಿನಲ್ಲಿ ಯಾವ ಗಾಡಿ ಬಂದು ನಿಂತರೂ, ಅದು ಯಾರದೇ ಆಗಲಿ, ಹತ್ತಿರ ಇದ್ದವನು ಮಾತು ನಿಲ್ಲಿಸದೆ, ಗಾಡಿ ಯಾರದೆಂದು ನೋಡದೆ, ಕಾಲಿನಿಂದ ಒಂದು ಕಲ್ಲನ್ನು ಚಕ್ರದ ಕೆಳಗೆ ತಳ್ಳುತ್ತಾನೆ. ಹೊರಡುವಾಗ ಇನ್ನೊಬ್ಬ ಯಾರೋ ಸರಿಸುತ್ತಾನೆ. ಯಾರೂ ಯಾರಿಗೂ ಉಪಕಾರ ಸ್ಮರಿಸುವುದಿಲ್ಲ. ನನ್ನ ಗಾಡಿಗೆ ಯಾರೂ ಕಲ್ಲು ತಳ್ಳುತ್ತಿರಲಿಲ್ಲ. ಎರಡು ವಾರ ಗಮನಿಸಿ ಖಚಿತಪಡಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ ದೇವಕಿಯದು. ಕಳಸದ ರಸ್ತೆಯಿಂದ ಒಳಗೆ, ತೋಟಗಳ ನಡುವೆ ಅವಳ ಮನೆ. ಕೂಲಿಗೆ ಹಣ್ಣು ಕೊಯ್ಯುವ ಹೆಂಗಸು, ನಲವತ್ತರ ಆಸುಪಾಸು. ಮನೆಯಿಂದ ಡಾಂಬರು ರಸ್ತೆಗೆ ಒಂದು ದಾರಿ ಇದೆ. ಅದು ತಮ್ಮ ಜಾಗ ಎಂದು ಪಕ್ಕದ ತೋಟದ ಯಜಮಾನರು ಬೇಲಿಗೆ ಕಲ್ಲುಕಂಬ ತಂದು ದಾರಿಯ ಮೇಲೇ ರಾಶಿ ಹಾಕಿದ್ದರು. ಕೊಯ್ಲು ಮುಗಿದ ಮಾರನೇ ದಿನ ನೆಡುವುದಾಗಿ ಹೇಳಿದ್ದರು. ನೆಟ್ಟರೆ ಅವಳ ಮನೆಯವರು ತೋಟದ ಗೇಟಿನ ಮೂಲಕ ಸುತ್ತಿ ಹೋಗಬೇಕು. ಆ ಗೇಟಿಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಗಡಿ ಗುರುತಿಸಿ ಕೊಡಿ ಎಂದು ದೇವಕಿ ಹದ್ದುಬಸ್ತಿಗೆ ಅರ್ಜಿ ಹಾಕಿದ್ದಳು. ಕಂಬ ನೆಡುವ ಮೊದಲು ನಾನು ಅಲ್ಲಿ ತಲುಪಿ ಅಳೆಯಬೇಕಿತ್ತು, ಅಷ್ಟೇ. ಬಸ್ಸು ಆ ಕಡೆ ಹೋಗುವುದಿಲ್ಲ. ಆಟೋದವರು ಊರಿನ ಹೆಸರು ಕೇಳಿ "ರೋಡ್ ಸರಿ ಇಲ್ಲ ಮೇಡಂ" ಎಂದರು. ಉಳಿದದ್ದು ನನ್ನ ನೂರು ಸಿಸಿಯ ಹಳೇ ಗಾಡಿ.

ಅಳತೆಗೆ ಬರುತ್ತೇನೆಂದು ಮೊದಲ ನೋಟಿಸಿನಲ್ಲಿ ತಿಳಿಸಿದ್ದ ದಿನ ಅದು ಸ್ಟಾರ್ಟ್ ಆಗಲಿಲ್ಲ. ನಲವತ್ತು ಸಲ ಕಿಕ್ ಹೊಡೆದೆ. ಮಂಜು ಅಂಗಳದೊಳಗೇ ನಿಂತಿತ್ತು. ಸೀಟು, ಟ್ಯಾಂಕು, ವೈರು ಎಲ್ಲ ತೊಯ್ದಿತ್ತು. ನಮ್ಮಲ್ಲಿ ಗಾಡಿಗೆ ವೈರಿ ಧೂಳು. ವಾರಕ್ಕೊಮ್ಮೆ ಬಟ್ಟೆ ಒದರಿ ಒರೆಸಿದರೆ ಆಯಿತು. ಧೂಳನ್ನು ಕಣ್ಣಿಂದ ಕಾಣಬಹುದು. ಇಬ್ಬನಿ ಒಳಗೆ ಹೊಕ್ಕು ಕೂರುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಗಾಡಿ ತಾನಾಗಿ ಸ್ಟಾರ್ಟ್ ಆಯಿತು. ಅಷ್ಟರಲ್ಲಿ ಅಲ್ಲಿ ಕಾದವರು ಚದುರಿದ್ದರು. ಆಮೇಲೆ ಮೊಬೈಲಿನ ವಿಡಿಯೊ ನೋಡಿ ಪ್ಲಗ್ ಬಿಚ್ಚುವುದನ್ನು ಕಲಿತೆ. ಮೂತಿ ಕರಿ ಹಿಡಿದಿತ್ತು. ಉಜ್ಜಿ, ಒಣಗಿಸಿ, ಮೊದಲು ಕೈಯಲ್ಲಿ ತಿರುಗಿಸಿ ಆಮೇಲೆ ಪಾನಾದಿಂದ ಬಿಗಿ ಮಾಡಿದೆ. ಪಾನಾ ಎಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಸ್ಪ್ಯಾನರ್ ಎನ್ನಬೇಕು. ಮರುದಿನ ಎರಡೇ ಕಿಕ್ಕಿಗೆ ಎಂಜಿನ್ ಎದ್ದಿತು. ಅದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳಲು ಯಾರೂ ಇರಲಿಲ್ಲ.

ಎರಡನೇ ನೋಟಿಸಿನ ಹೊತ್ತಿಗೆ ಹಿಂದಿನ ಬ್ರೇಕು ಕಿರುಚಲು ತೊಡಗಿತ್ತು. ಪ್ರತಿ ತಿರುವಿನಲ್ಲೂ ಊರಿಗೇ ಕೇಳುವಂತೆ. ಕೊಟ್ಟಿಗೆಹಾರದ ಇಳಿಜಾರಿನಲ್ಲಿ ಗ್ಯಾರೇಜ್ ಇಟ್ಟಿರುವ ಪೂರ್ಣೇಶನ ಬಳಿ ಹೋದೆ. ಐವತ್ತು ದಾಟಿದ ಮನುಷ್ಯ, ಸುತ್ತಿನ ಹತ್ತು ಹಳ್ಳಿಗೆ ಅವನೊಬ್ಬನೇ ಮೆಕ್ಯಾನಿಕ್.

"ಪಲ್ಪರ್ ಮುಗೀಲಿ ಮೇಡಂ. ಆಮೇಲೆ ನೋಡುವ," ಎಂದ, ತಲೆ ಎತ್ತದೆ.

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಕೊಯ್ದ ಹಣ್ಣನ್ನು ಅಂದೇ ಸುಲಿಯದಿದ್ದರೆ ಕೆಡುತ್ತದೆ. ಹಾಗಾಗಿ ಕೊಯ್ಲಿನ ಎರಡು ತಿಂಗಳು ಇಲ್ಲಿನ ಮೆಕ್ಯಾನಿಕ್‌ಗಳೆಲ್ಲ ತೋಟಗಳ ಪಲ್ಪರ್ ಹಿಂದೆ. ಬೈಕು, ಸ್ಕೂಟರು ಕಾಯಬೇಕು. ಇದು ಎಲ್ಲರಿಗೂ ಒಪ್ಪಿತವಾದ ಕ್ರಮ. ಆದರೆ ನಾನು ಅಲ್ಲಿ ನಿಂತಿದ್ದಾಗಲೇ ಪೂರ್ಣೇಶ ಎರಡು ಬೈಕಿನ ಕ್ಲಚ್ ಕೇಬಲ್ ಬದಲಿಸಿದ. ನನ್ನನ್ನು ಬೇಕೆಂದೇ ಕಾಯಿಸಿದ ಎನ್ನಲು ನನ್ನಲ್ಲಿ ಆಧಾರವಿಲ್ಲ. ಎರಡು ಬೈಕಿನದು ಕಣ್ಣಾರೆ ಕಂಡದ್ದು.

ನನ್ನ ಅಪ್ಪ ಒಕ್ಕಲುತನದವರು. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಎತ್ತಿನ ಬಂಡಿ ಇತ್ತು. ಅದರ ಕೆಳಗೆ ಒಂದು ಬಿದಿರಿನ ಕೊಳವೆ ತೂಗುತ್ತಿತ್ತು. ಅದರಲ್ಲಿ ಗಾಲಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ. ಬಂಡಿ ಕಿರುಗುಟ್ಟಿತೆಂದರೆ ಅಪ್ಪ ಇಳಿದು ಎಣ್ಣೆ ಹಚ್ಚುತ್ತಿದ್ದರು. ಬಾವಿಯ ಗಾಲಿ, ಬಾಗಿಲ ತಿರುಗಣಿ, ಹೊಲಿಗೆ ಮಷಿನ್ನು, ಎಲ್ಲಕ್ಕೂ ಅದೇ ಮದ್ದು. ಕಿರುಚುವುದು ಎಣ್ಣೆ ಕೇಳುತ್ತಿದೆ ಎಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿರಲಿಲ್ಲ.

ನಾನು ಶಂಕರೇಗೌಡರ ಹೆಂಡತಿಯಿಂದ ಹೊಲಿಗೆ ಮಷಿನ್ ಎಣ್ಣೆಯ ಡಬ್ಬಿ ಕೇಳಿ ತಂದೆ. ಬ್ರೇಕಿನ ಸರಳು ಹಿಂದಿನ ಚಕ್ರ ಸೇರುವಲ್ಲಿ ಒಂದು ಸಣ್ಣ ತೋಳಿದೆ. ಅದರ ಬುಡದ ಸಂದಿಗೆ ಡಬ್ಬಿಯ ಮೂತಿ ಇಟ್ಟು ಖಾಲಿಯಾಗುವವರೆಗೆ ಒತ್ತಿದೆ. ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಕಿರುಚಾಟ ನಿಂತಿತ್ತು. ಹೊಸ ಊರಿನಲ್ಲಿ ಯಾರ ಹಂಗೂ ಇಲ್ಲದೆ ಮಾಡಿದ ಎರಡನೇ ರಿಪೇರಿ ಎಂದು ಹೆಮ್ಮೆಪಟ್ಟೆ.

ಮರುದಿನ ನೋಟಿಸಿನ ದಿನ. ಕಳಸದ ರಸ್ತೆ ಬಿಟ್ಟು ತೋಟದ ಇಳಿಜಾರಿಗೆ ತಿರುಗಿದೆ. ಅಭ್ಯಾಸದಂತೆ ಎಂಜಿನ್ ಆರಿಸಿ ನ್ಯೂಟ್ರಲ್ ಮಾಡಿದೆ. ಎರಡನೇ ತಿರುವಿನಲ್ಲಿ ಹಿಂದಿನ ಬ್ರೇಕು ಒತ್ತಿದೆ. ಕಾಲು ಕೆಳಗೆ ಹೋಯಿತು, ಗಾಡಿ ನಿಧಾನವಾಗಲಿಲ್ಲ. ಮುಂದಿನ ಬ್ರೇಕನ್ನು ನಾನು ಹಿಡಿಯಲಿಲ್ಲ. ಮರಳು ರಸ್ತೆಯಲ್ಲಿ ಮುಂದಿನ ಬ್ರೇಕು ಹಿಡಿದರೆ ಬೀಳುತ್ತೀ ಎಂದು ನಮ್ಮೂರಲ್ಲಿ ಕಲಿಸಿದ್ದರು, ಕೈ ಅದನ್ನೇ ನೆನಪಿಟ್ಟಿತ್ತು. ಎಡಗಡೆ ಪ್ರಪಾತ, ಬಲಗಡೆ ಧರೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದ ಮಣ್ಣಿನ ಗೋಡೆ. ಧರೆಗೇ ಗಾಡಿ ಹೊಡೆದೆ. ಮೊಣಕಾಲಿನ ಚರ್ಮ ಕಿತ್ತುಹೋಯಿತು. ನಕ್ಷೆಯ ಸುರುಳಿ ಚರಂಡಿಗೆ ಬಿತ್ತು.

ಕೊಯ್ಲಿನ ಆಳುಗಳನ್ನು ತುಂಬಿಕೊಂಡ ಜೀಪೊಂದು ಬಂದು ನಿಂತಿತು. ಡ್ರೈವರ್ ಇಳಿದು ಗಾಡಿ ಎತ್ತಿ ನಿಲ್ಲಿಸಿದ. "ಎಂತ ಮೇಡಂ, ಅಳತೆ ಇಲ್ಲಿಂದ್ಲೇ ಶುರುವಾ?" ಎಂದ. ಹಿಂದೆ ಕೂತ ಹೆಂಗಸರು ಮುಖಕ್ಕೆ ಸೆರಗು ಹಿಡಿದು ನಕ್ಕರು. ನನ್ನನ್ನೂ ಕರೆದುಕೊಂಡು ಹೋಗಿ ಎಂದೆ. "ಜಾಗ ಎಲ್ಲಿದೆ ಮಾರಾಯ್ರೆ?" ಎಂದು ಹೊರಟ. ಜಾಗ ಇತ್ತು.

ನಡೆದು ದೇವಕಿಯ ಮನೆ ತಲುಪುವಾಗ ಒಂದು ಗಂಟೆ. ಯಜಮಾನರು ಹನ್ನೊಂದರವರೆಗೆ ಕಾದು ಹೊರಟುಹೋಗಿದ್ದರು. ದೇವಕಿ ಕಲ್ಲುಕಂಬದ ರಾಶಿಯ ಮೇಲೆ ಕೂತಿದ್ದಳು. ನನ್ನ ಮೊಣಕಾಲು ನೋಡಿ ಒಳಗೆ ಹೋಗಿ ನೀರು ತಂದಳು.

"ಎರಡು ರಜೆ ಹಾಕ್ದೆ ಮೇಡಂ. ರೈಟ್ರು ನಾಳೆಯಿಂದ ಬರ್ಬೇಡ ಅಂತಾರೆ," ಎಂದಳು. ರೈಟರ್ ಎಂದರೆ ತೋಟದಲ್ಲಿ ಹಾಜರಿ ಬರೆಯುವವರು. "ಮೂರನೇ ಸಲ ಬರೋದಿಲ್ಲ ಅಂದ್ರೆ ಈಗ್ಲೇ ಹೇಳಿ. ಕಾಯೋದಾದ್ರೂ ತಪ್ತದೆ."

"ಬರ್ತೀನಿ. ಗಾಡಿ ಕೈ ಕೊಟ್ಟಿತು."

"ಯಜಮಾನ್ರು ಹೇಳಿ ಹೀಗೆ ಮಾಡ್ತೀರಾ ಅಂತ ನನ್ನ ಗಂಡ ಹೇಳ್ತಾರೆ. ನೀವು ಯಾರ ಕಡೆ?"

"ಯಾರ ಕಡೆಯೂ ಅಲ್ಲ. ಅಳತೆಯ ಕಡೆ."

"ಅದೇ ಕಷ್ಟ ಈಗ," ಎಂದಳು ದೇವಕಿ. ಅಳತೆಗೆ ಮತ್ತೊಂದು ದಿನ ಗೊತ್ತುಮಾಡಿದೆವು. ಕೊಯ್ಲು ಮುಗಿಯಲು ಅದಕ್ಕಿಂತ ಹೆಚ್ಚು ದಿನ ಉಳಿದಿರಲಿಲ್ಲ.

ಗಾಡಿ ತಳ್ಳಿಕೊಂಡು ಕಳಸದ ರಸ್ತೆಗೆ ಹತ್ತಿ, ಪಿಕಪ್ ಒಂದರಲ್ಲಿ ಹಾಕಿಸಿ ಗ್ಯಾರೇಜಿಗೆ ತಂದೆ. ಪೂರ್ಣೇಶ ಹಿಂದಿನ ಚಕ್ರದ ಬಳಿ ಬೆರಳಾಡಿಸಿ, ಮೂಸಿ ನೋಡಿದ. ಎದುರಿನ ಟೀ ಹೋಟೆಲಿನ ಕಡೆ ತಿರುಗಿ ಕೂಗಿದ:

"ಬನ್ರೋ ಇಲ್ಲಿ! ಬ್ರೇಕಿಗೆ ಎಣ್ಣೆ ಬಿಟ್ಟಿದಾರೆ ಮಾರಾಯ! ಗಾಡಿ ನಿಲ್ಲೋದು ಉಜ್ಜಿದ್ರೆ ಮೇಡಂ, ಜಾರಿದ್ರೆ ಅಲ್ಲ. ಒಗ್ಗರಣೆ ಎಂತಕ್ಕೆ ಬಿಟ್ರಿ, ಅದನ್ನೂ ಹಾಕೋದಲ್ವಾ?"

ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಂಜೆಯೊಳಗೆ ನನ್ನ ಹೆಸರು ಎಣ್ಣೆ ಮೇಡಂ ಎಂದಾಯಿತು. ಇಂದಿಗೂ ಅದೇ.

"ಸರಿ ಮಾಡಿ ಕೊಡಿ," ಎಂದೆ.

"ಪಲ್ಪರ್ ಮುಗೀಲಿ."

"ಹಾಗಾದ್ರೆ ಹೊಸ ಬ್ರೇಕ್ ಶೂ ಕೊಡಿ, ಸ್ಪ್ಯಾನರ್ ಕೊಡಿ. ನಾನೇ ಹಾಕ್ಕೋತೀನಿ."

ಅವನು ಮೊದಲ ಸಲ ನನ್ನ ಮುಖ ನೋಡಿದ. ಶೂ ಪೊಟ್ಟಣವನ್ನೂ ಎರಡು ಸ್ಪ್ಯಾನರನ್ನೂ ನೆಲಕ್ಕೆ ಇಟ್ಟು ರಸ್ತೆ ದಾಟಿ ಹೋಟೆಲಿನ ಬೆಂಚಿನ ಮೇಲೆ ಕೂತ. ಮುಂದಿನ ಎರಡು ಗಂಟೆ ಕೊಟ್ಟಿಗೆಹಾರಕ್ಕೆ ನಾನೇ ಮನರಂಜನೆ. ಆದರೆ ಆ ಬೆಂಚಿನಿಂದ ಬಂದ ಕೊಂಕಿನಲ್ಲೆಲ್ಲ ಒಂದೊಂದು ಪಾಠ ಇತ್ತು ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಕೈಯ ಜಿಡ್ಡು ಒರೆಸಿಕೊಂಡು ಅಳತೆಯ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದೆ.

"ಮೊದ್ಲು ದೊಡ್ಡ ನಟ್ಟಾ? ಬ್ರೇಕ್ ಸರಳು ಬಿಚ್ಚದೆ ಚಕ್ರ ಎಳೀರಿ, ಚಾಸಿನೇ ಬರ್ತದೆ!" ಎಂದರೆ, ಮೊದಲು ಸರಳು. "ಚೈನ್ ಎಂತಕ್ಕೆ ಮುಟ್ತೀರಿ, ಅದು ಅಲ್ಲೇ ಇರ್ತದೆ, ನಿಮ್ಮ ಹಾಗೆ ಓಡಿ ಹೋಗೋದಿಲ್ಲ," ಎಂದರೆ, ಚೈನು ಬಿಚ್ಚಬೇಕಾಗಿಲ್ಲ. ಅಚ್ಚಿನ ಸರಳು ಎಳೆದೆ, ಚಕ್ರ ಕೈಗೆ ಬಂತು. ಮುಚ್ಚಳ ತೆಗೆದರೆ ಚಕ್ರವನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಅರ್ಧಚಂದ್ರದಂಥ ಎರಡು ಶೂ, ಎರಡು ಸ್ಪ್ರಿಂಗು, ಎಲ್ಲದರ ಮೇಲೂ ನಾನು ಬಿಟ್ಟ ಎಣ್ಣೆ. ನನ್ನನ್ನು ಧರೆಗೆ ಹೊಡೆಸಿದ ಯಂತ್ರ ಇಷ್ಟೇ ಎಂದು ಸಿಟ್ಟು ಬಂತು.

"ಶೂ ಹೊಸದು ಹಾಕಿ, ಡ್ರಮ್ಮಿನಲ್ಲಿ ಎಣ್ಣೆ ಹಾಗೇ ಇರ್ಲಿ, ತಿಂಡಿ ಮಾಡ್ಬಹುದು!"

ಡ್ರಮ್ಮನ್ನು, ಅಂದರೆ ಶೂ ಉಜ್ಜುವ ಚಕ್ರದ ಒಳಗೋಡೆಯನ್ನು, ಪೆಟ್ರೋಲಿನಲ್ಲಿ ಒರೆಸಿದೆ, ಎಮರಿ ಪೇಪರಿನಿಂದ ಉಜ್ಜಿದೆ. ಹೊಸ ಶೂಗಳು ಕೂರಲೇ ಇಲ್ಲ, ಸ್ಪ್ರಿಂಗು ಮೂರು ಸಲ ಹಾರಿ ಚರಂಡಿಗೆ ಬಿತ್ತು. "ಪುಸ್ತಕ ಓದಿದವರಲ್ವಾ ಮೇಡಂ, ಪುಸ್ತಕದ ಹಾಗೆ ಮಡಚಿ!" ಎರಡನ್ನೂ ಅರ್ಧ ತೆರೆದ ಪುಸ್ತಕದಂತೆ ಹಿಡಿದು ಒತ್ತಿದೆ. ಟಪ್ ಎಂದು ಕೂತವು.

ಎಲ್ಲ ಸೇರಿಸಿ, ದೊಡ್ಡ ನಟ್ಟು ಬಿಗಿ ಮಾಡಿ, ಸರಳು ಸಿಕ್ಕಿಸಿ ಗಾಡಿ ಹತ್ತಿದೆ. ಬೆಂಚಿನಿಂದ ಮಾತು ನಿಂತಿತ್ತು. ನಾನು ಕಿಕ್ ಹೊಡೆದಾಗ ಪೂರ್ಣೇಶ ಎದ್ದು ನಿಂತಿದ್ದ. ಗಾಡಿ ಒಂದು ಮಾರು ಮುಂದೆ ಹೋಗುವಷ್ಟರಲ್ಲಿ ರಸ್ತೆ ದಾಟಿ ಓಡಿ ಬಂದು ಹ್ಯಾಂಡಲ್ ಹಿಡಿದ.

"ಆ ಪಟ್ಟಿ ಯಾರು ಹಾಕ್ತಾರೆ, ನಿಮ್ಮಪ್ಪನಾ?"

ಬ್ರೇಕಿನ ಮುಚ್ಚಳವನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಕಬ್ಬಿಣದ ಪಟ್ಟಿ ನೆಲದ ಮೇಲೇ ಇತ್ತು. ಅದಿಲ್ಲದೆ ಬ್ರೇಕು ಒತ್ತಿದರೆ ಮುಚ್ಚಳವೇ ಚಕ್ರದ ಜೊತೆ ತಿರುಗಿ ಹೋಗುತ್ತದೆ. ಆಮೇಲೆ ಧರೆಗೆ ಹೊಡೆಯುವಷ್ಟು ಸಮಯವೂ ಸಿಗುವುದಿಲ್ಲ. ಅವನು ಹಾಕಿಕೊಡಲಿಲ್ಲ. ನಾನು ಹಾಕುವವರೆಗೆ ನಿಂತು ನೋಡಿದ. ಗಾಡಿ ಹಿಂದಕ್ಕೆ ಜಾರತೊಡಗಿದಾಗ ಕಾಲಿನಿಂದ ಒಂದು ಕಲ್ಲು ತಳ್ಳಿ ಚಕ್ರಕ್ಕೆ ಕೊಟ್ಟ.

"ಹತ್ತೋವಾಗ ಯಾವ ಗೇರೋ, ಇಳಿಯೋವಾಗ್ಲೂ ಅದೇ ಗೇರು," ಎಂದ. "ಎಂಜಿನ್ ಆರ್ಸಿದ್ರೆ ಮುಂದಿನ ಸಲ ನಾನು ಬರೋದು ಹೂವಿನ ಹಾರ ಹಿಡ್ಕೊಂಡು."

ಮೂರನೇ ನೋಟಿಸಿನ ದಿನ ಎರಡನೇ ಗೇರಿನಲ್ಲಿ, ಎಂಜಿನ್ನಿನ ಗೊರಗೊರ ಕೇಳುತ್ತ, ಎರಡೂ ಬ್ರೇಕು ಸ್ವಲ್ಪ ಸ್ವಲ್ಪ ಹಿಡಿದು ಇಳಿದೆ. ನನ್ನ ಗುರುತಿದ್ದ ಧರೆಯನ್ನು ದಾಟಿದೆ. ಒಂಬತ್ತೂವರೆಗೆ ತಲುಪಿದೆ. ಯಜಮಾನರು ಬಂದರು, ಕಾಫಿಗೆ ಕರೆದರು. ಬೇಡ ಎಂದೆ. "ಕಾಫೀಲಿ ಎಂತ ಉಂಟು ಮೇಡಂ, ಕುಡೀರಿ," ಎಂದರು ಬಹಳ ಮೆತ್ತಗೆ. ಮಧ್ಯಾಹ್ನದವರೆಗೆ ಅಳೆದೆವು. ಹಳೆಯ ನಕ್ಷೆಯಲ್ಲಿ ದಾರಿ ದಾರಿಯಾಗಿಯೇ ಇತ್ತು. ಕಲ್ಲುಕಂಬದ ರಾಶಿ ಅದರ ಮಧ್ಯದಲ್ಲಿತ್ತು. ಗುರುತಿನ ಕಲ್ಲು ನೆಡಿಸಿ, ಮಹಜರು ಬರೆದು, ಎರಡೂ ಕಡೆಯ ಸಹಿ ತೆಗೆದುಕೊಂಡೆ. ಯಜಮಾನರು ಸಹಿ ಹಾಕಿ, ನನ್ನ ಪೆನ್ನನ್ನು ಮುಚ್ಚಳ ಹಾಕದೆ ಹಿಂದಿರುಗಿಸಿದರು.

ದೇವಕಿ ಕೃತಜ್ಞತೆಯ ಮಾತು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ, ಎರಡು ತಿಂಗಳು ತಡವಾಗಿ ಬಂದ ಸರ್ಕಾರ ನಾನು. ಗಾಡಿ ಹತ್ತುವಾಗ ಹಿಂದೆ ಬಂದು, "ಹೋಗೋವಾಗ್ಲೂ ಎರಡನೇ ಗೇರಲ್ಲೇ ಹೋಗಿ ಎಣ್ಣೆ ಮೇಡಂ," ಎಂದು ನಕ್ಕಳು. ಈ ಊರಿನಲ್ಲಿ ಯಾರಾದರೂ ನನ್ನನ್ನು ನೋಡಿ ನಕ್ಕದ್ದಕ್ಕೆ ನಾನೂ ನಕ್ಕದ್ದು ಅದೊಂದೇ ಸಲ.

ವಾಪಸು ಬರುವಾಗ ಪೂರ್ಣೇಶ ಕೈ ತೋರಿಸಿ ನಿಲ್ಲಿಸಿದ.

"ಅಳತೆ ಆಯ್ತಂತೆ."

"ಆಯ್ತು."

"ನಮ್ದು ಯಾವಾಗ?"

ಅವನ ಗ್ಯಾರೇಜ್ ಇರುವುದು ರಸ್ತೆಬದಿಯ ಸರ್ಕಾರಿ ಜಾಗದಲ್ಲಿ ಎಂಬ ದೂರು ನನ್ನ ಪಟ್ಟಿಯಲ್ಲಿತ್ತು. ನಾನು ಬಂದ ದಿನದಿಂದ ಇತ್ತು. ಅವನಿಗೂ ಅಂದಿನಿಂದಲೇ ಗೊತ್ತಿತ್ತು ಎಂದು ಆಗ ಅರ್ಥವಾಯಿತು.

"ಸಂಕ್ರಾಂತಿ ಆದ ಮೇಲಿನ ಗುರುವಾರ," ಎಂದೆ. "ಗೊತ್ತಿದ್ದೂ ಬ್ರೇಕಿನ ಆ ಪಟ್ಟಿಯ ವಿಷಯ ಯಾಕೆ ಹೇಳಿದ್ರಿ?"

"ಎಂತ ಹೇಳ್ತೀರಿ ಮೇಡಂ. ಅಳೆಯೋದು ಬೇರೆ, ಸಾಯೋದು ಬೇರೆ. ನೀವು ಹೋದ್ರೆ ಇನ್ನೊಬ್ರು ಬರ್ತಾರೆ. ಅವ್ರು ಕಾರಲ್ಲಿ ಬರ್ತಾರೆ, ನನಗೆ ಒಂದು ಶೂ ಮಾರಾಟನೂ ಇಲ್ಲ."

ಸಂಕ್ರಾಂತಿಗೆ ಊರಿಗೆ ಹೋದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕಣ್ಣು ಹಾಯುವವರೆಗೆ ಮಟ್ಟಸ ನೆಲ. ಎರಡು ದಿನ ಅದನ್ನೇ ನೋಡುತ್ತ ಕೂತೆ. ಸಂಜೆ ತಮ್ಮನ ಗಾಡಿ ತೆಗೆದುಕೊಂಡು ಪೇಟೆಗೆ ಹೋಗಿ ಬಂದು ಮನೆ ಮುಂದೆ ನಿಲ್ಲಿಸಿದೆ. ಬೆಳಿಗ್ಗೆ ಹೊರಗೆ ದಡ್ಡನೆ ಸದ್ದು. ತಮ್ಮ ಎಂದಿನಂತೆ ಕ್ಲಚ್ ಹಿಡಿಯದೆ ಕಿಕ್ ಹೊಡೆದಿದ್ದ. ಗಾಡಿ ಜಿಗಿದು ನೀರಿನ ಬ್ಯಾರಲ್ಲಿಗೆ ಗುದ್ದಿತ್ತು.

"ಗೇರಿನ್ಯಾಗ ಯಾರ ನಿಲ್ಸ್ಯಾರ ಇದನ್ನ?" ಎಂದು ಅವನು ಚೀರುತ್ತಿದ್ದ.

ಅಪ್ಪ ಬಗ್ಗಿ, ಹಿಂದಿನ ಚಕ್ರ ಇದ್ದ ಜಾಗದಿಂದ ಒಂದು ಕಲ್ಲು ಎತ್ತಿದರು. ನಾನು ಇಟ್ಟದ್ದು, ಇಟ್ಟ ನೆನಪು ನನಗಿರಲಿಲ್ಲ.

"ಇದ್ಯಾಕವ್ವಾ?" ಎಂದರು. "ನೆಲಾ ಎಲ್ಲಿಗರ ಹೊಂಟೈತೇನು?"

ಕಲ್ಲನ್ನು ಅವರ ಕೈಯಿಂದ ತೆಗೆದುಕೊಂಡು ಗೋಡೆಯ ಬದಿಗೆ ಇಟ್ಟೆ. ತಮ್ಮ ಎರಡು ದಿನ ಮಾತು ಬಿಟ್ಟ.

ಇದನ್ನು ಬರೆಯುತ್ತಿರುವುದು ಕೊಟ್ಟಿಗೆಹಾರದ ಕೋಣೆಯಲ್ಲಿ, ಬುಧವಾರ. ಬೆಳಿಗ್ಗೆ ಪ್ಲಗ್ ಒರೆಸಿದ್ದೇನೆ, ಚೈನಿಗೆ ಎಣ್ಣೆ ಹಚ್ಚಿದ್ದೇನೆ, ಬ್ರೇಕಿಗೆ ಹಚ್ಚಿಲ್ಲ. ನಾಳೆ ಹತ್ತು ಗಂಟೆಗೆ ಪೂರ್ಣೇಶನ ಗ್ಯಾರೇಜಿನ ಅಳತೆ. ಅವನ ಬಾಗಿಲ ಮುಂದಿನ ಜಾಗ ಕಡಿದಾದ ಇಳಿಜಾರು. ಗೇರಿನಲ್ಲೇ ನಿಲ್ಲಿಸುತ್ತೇನೆ. ಚಕ್ರಕ್ಕೆ ಯಾರಾದರೂ ಕಲ್ಲು ತಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಯಾರೂ ತಳ್ಳದಿದ್ದರೆ ಇರಲಿ ಎಂದು ಒಂದು ಕಲ್ಲನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಈಗ ಅದನ್ನು ಹೊರಗೆ ತೆಗೆದಿಟ್ಟಿದ್ದೇನೆ.